ಸಹಾಯ ಬೇಕು: ಎಚ್‌ಡಿಆರ್ ಫೋಟೋಗಳ ಬೆಳಕು ಒಂದೇ ತರ ಬರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದ ನಮ್ಮ ತೊಟ್ಟಿ ಮನೆಯನ್ನು ಮುಂದಿನ ತಿಂಗಳು ಕೆಡವುತ್ತಿದ್ದಾರೆ. ಅದಕ್ಕೆ ಮೊದಲು ಮೂಲೆಮೂಲೆಯ ಫೋಟೋ ತೆಗೆದಿಟ್ಟಿದ್ದೇನೆ. ತೊಟ್ಟಿಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಪಕ್ಕದ ಅಡುಗೆಮನೆಯಲ್ಲಿ ಕತ್ತಲು. ಹಾಗಾಗಿ ಒಂದೊಂದು ಜಾಗಕ್ಕೂ ಐದು ಎಕ್ಸ್‌ಪೋಷರ್ (ಕಡಿಮೆ, ಹೆಚ್ಚು ಬೆಳಕಿನ ಫೋಟೋ) ತೆಗೆದು, ಸೇರಿಸಿ, ರೇಡಿಯನ್ಸ್ ಎಚ್‌ಡಿಆರ್ ಫೈಲ್ (ತೀರಾ ಕತ್ತಲಿನಿಂದ ತೀರಾ ಬಿಸಿಲಿನವರೆಗಿನ ಬೆಳಕನ್ನೆಲ್ಲ ಹಿಡಿದಿಡುವ ಫೈಲ್) ಮಾಡಿದೆ. ಒಟ್ಟು 42 ಇವೆ.

ಮೊದಲು ನೇರವಾಗಿ ಜೆಪೆಗ್‌ಗೆ ಬದಲಾಯಿಸಿದೆ. 1ಕ್ಕಿಂತ (ಅಂದರೆ ಜೆಪೆಗ್‌ನ ಪೂರ್ತಿ ಬಿಳಿಗಿಂತ) ಜಾಸ್ತಿ ಇರುವ ಬೆಳಕಿನ ಬೆಲೆಗಳೆಲ್ಲ ಕತ್ತರಿಸಿಹೋಗಿ ತೊಟ್ಟಿ ಪೂರ್ತಿ ಬಿಳಿಯಾಯಿತು. ಆಮೇಲೆ ಲಿನಕ್ಸ್ ಟರ್ಮಿನಲ್‌ನಲ್ಲಿ ಪಿಎಫ್‌ಎಸ್‌ಟೂಲ್ಸ್ (ಎಚ್‌ಡಿಆರ್ ಚಿತ್ರಗಳಿಗಾಗಿ ಇರುವ ಕಮಾಂಡ್‌ಗಳ ಗುಂಪು) ಹಾಕಿಕೊಂಡೆ. ಪಿಎಫ್‌ಎಸ್‌ಇನ್‌ನಿಂದ ಫೈಲ್ ಓದಿಸಿ, ರೈನ್‌ಹಾರ್ಡ್ ಟೋನ್ ಮ್ಯಾಪಿಂಗ್‌ಗೆ (ಆ ಬೆಳಕನ್ನೆಲ್ಲ ಸಾಮಾನ್ಯ ಪರದೆಗೆ ಹೊಂದುವಂತೆ ಕುಗ್ಗಿಸುವ ಒಂದು ವಿಧಾನ) ಪೈಪ್ ಮಾಡಿ, ಪಿಎಫ್‌ಎಸ್‌ಔಟ್‌ನಿಂದ ಉಳಿಸುತ್ತಿದ್ದೇನೆ. ಕಂಬದ ಕೆತ್ತನೆ, ಒಲೆಯ ಮಸಿ ಎಲ್ಲ ಎಷ್ಟು ಚೆನ್ನಾಗಿ ಕಾಣ್ತಿದೆ!

ಆದರೆ ಲೂಪ್ ಹಾಕಿ ಎಲ್ಲವನ್ನೂ ಓಡಿಸಿದರೆ ಒಂದೇ ಗೋಡೆ ಒಂದರಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಕಂದು. ಈ ವಿಧಾನ ಪ್ರತಿ ಚಿತ್ರದ ಸರಾಸರಿ ಬೆಳಕನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತೆ, ಅದಕ್ಕೇ ಹೀಗೆ ಅಲ್ವಾ? ಕೀ ಬೆಲೆಯನ್ನು (ಚಿತ್ರ ಒಟ್ಟಾರೆ ಎಷ್ಟು ಬೆಳಗಬೇಕು ಅನ್ನೋ ಸಂಖ್ಯೆ) 0.18ಕ್ಕೆ ನಿಲ್ಲಿಸಿದರೂ ಸರಿಹೋಗಲಿಲ್ಲ.

ಎಲ್ಲ ಫೈಲ್‌ಗಳಿಗೂ ಒಂದೇ ಸರಾಸರಿ ಕೊಡುವ ದಾರಿ ಇದೆಯಾ? ಒಂದೊಂದನ್ನೇ ಕೈಯಲ್ಲಿ ತಿದ್ದಿದರೆ ಗೋಡೆಯ ನಿಜವಾದ ಬಣ್ಣ ಉಳಿಯಲ್ಲ. ಗೊತ್ತಿದ್ದವರು ದಯವಿಟ್ಟು ಕಮಾಂಡ್ ಸಮೇತ ತಿಳಿಸಿ. ಅಮ್ಮನಿಗೆ ಆಲ್ಬಮ್ ಮಾಡಿಕೊಡಬೇಕು.