ಪದ ಬೇಕು, ತುರ್ತು: ಕೆಗರೇಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಕಲ್ಪತರು, ತುಮಕೂರು:
ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬಿ.ಎಚ್. ರಸ್ತೆಯ ಬ್ಯಾನರ್ ಅಂಗಡಿಗೆ ಒಂದು ಪದ ಕೊಡಬೇಕು.

ನಮ್ಮ ಅಕ್ಕನ ಮಗ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾನೆ. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. ಅಲ್ಲಿ ಅದು ತಪ್ಪಲ್ಲ. 1978ರ ಕಾಯ್ದೆಯಂತೆ ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಈಗ ಅವನೇ ಒಂದು ಕೆಗರೇಟರ್ ಕಟ್ಟಿದ್ದಾನೆ. ಚಕ್ರ ಇರುವ ದೊಡ್ಡ ಐಸ್ ಪೆಟ್ಟಿಗೆ. ಒಳಗೆ 19 ಲೀಟರಿನ ಸ್ಟೀಲ್ ಕೆಗ್, ಅಂದರೆ ಬಿಯರ್ ತುಂಬುವ ಪೀಪಾಯಿ, ಅದರ ಸುತ್ತ ಐಸು. ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿನ ಪುಟ್ಟ ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್. ಪೆಟ್ಟಿಗೆಯ ಮುಂಭಾಗ ಕೊರೆದು ನಲ್ಲಿ ಕೂರಿಸಿದ್ದಾನೆ. ಇದನ್ನು ಎಳೆದುಕೊಂಡು ಗೆಳೆಯರ ಮನೆಗೆ ಹೋಗುತ್ತಾನೆ. ರಾಜ್ಯೋತ್ಸವಕ್ಕೆ ಅದರ ಮೇಲೆ ಕನ್ನಡದ ಬ್ಯಾನರ್ ಬೇಕಂತೆ, ಜೊತೆಗೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಅರ್ಧ ಪುಟ. ಅಕ್ಕ ಭಾವ ನಾಳೆ ರಾತ್ರಿ ವಿಮಾನ ಹತ್ತುತ್ತಾರೆ.

'ಪೀಪಾಯಿ ತಂಪುಪೆಟ್ಟಿಗೆ' ಅಂತ ಬರೆದೆ. ಅಕ್ಕ ಓದಿ, 'ಇದೇನು ಡಾಂಬರು ಹಾಕೋ ಕೆಲಸಾನಾ?' ಅಂದಳು. ಅರ್ಧ ಪುಟವನ್ನೂ ಲಗತ್ತಿಸಿದ್ದೇನೆ, ನೋಡಿ.

ಹಳೆ ಮೇಷ್ಟ್ರು, ಗೌರಿಬಿದನೂರು:
ಲಗತ್ತು ಓದಿದೆ. ಎರಡನೇ ಸಾಲಿನಲ್ಲೇ 'ಮನೆಯಲ್ಲಿ ಬಟ್ಟಿ ಇಳಿಸಿದ ಬಿಯರ್' ಎಂದಿದೆ. ಮೊದಲು ಅದನ್ನು ಹೊಡೆದುಹಾಕಿ. ಬಟ್ಟಿ ಇಳಿಸುವುದು ಸಾರಾಯಿಯನ್ನು: ಕಾಯಿಸಿ, ಆವಿಯನ್ನು ತಣಿಸಿ ಹನಿಹನಿ ಹಿಡಿಯುವುದು. ಬಿಯರು ಹುದುಗಿದ್ದು, ನಮ್ಮ ಹೆಂಡದ ಹಾಗೆ. ನಿಮ್ಮ 1978ರ ಕಾಯ್ದೆ ಬಟ್ಟಿಗೆ ಅನ್ವಯಿಸುವುದೂ ಇಲ್ಲ. ಸುಮ್ನೆ ಹುಡುಗನನ್ನು ಸಿಕ್ಕಿಸಬೇಡಿ. 'ಮನೆಯಲ್ಲಿ ಹುದುಗಿಸಿದ' ಎಂದು ಬರೆಯಿರಿ.

ಪದದ ಮಾತು. ತಂಪನ್ನು ಸೂಚಿಸಲು ನಮ್ಮಲ್ಲಿ 'ತಣ್' ಇದೆ. ತಣ್ಣೀರು, ತಂಗಾಳಿ. ಅದೇ ದಾರಿಯಲ್ಲಿ ತಣ್ + ಪೀಪಾಯಿ. ಕಣ್ + ಪನಿ ಕಂಬನಿ ಆದಂತೆ, ತಂಬೀಪಾಯಿ. ಚಿಕ್ಕದು, ಚೊಕ್ಕದು.

ಕೋಲಾರದವಳು:
ಮೇಷ್ಟ್ರೇ, ಸಂಧಿ ಸರಿ. ಆದರೆ ನಮ್ಮ ಕೆ.ಜಿ.ಎಫ್. ಕಡೆ 'ತಂಬೀಪಾಯಿ' ಅಂತ ಬೋರ್ಡ್ ಹಾಕಿದರೆ ಯಾರೋ ತಮ್ಮನನ್ನು ಕೂಗಿ ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಕೆಗ್, ರೆಫ್ರಿಜರೇಟರ್ ಎರಡನ್ನೂ ಕತ್ತರಿಸಿ ಅಂಟಿಸಿದ್ದು ಕೆಗರೇಟರ್. ಈ ಹುಡುಗನ ಪೆಟ್ಟಿಗೆಯಲ್ಲಿ ರೆಫ್ರಿಜರೇಟರೇ ಇಲ್ಲ, ಬರೀ ಐಸು. ಐಸಿನೊಳಗೆ ಸ್ಟೀಲ್ ಕೊಳವೆಯ ಸುರುಳಿ ಇಟ್ಟು, ಕೆಗ್ಗನ್ನು ಹೊರಗೇ ಬಿಟ್ಟು, ಬಿಯರನ್ನು ಸುರುಳಿಯಲ್ಲಿ ಹಾಯಿಸುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ಇಂಗ್ಲಿಷಿನಲ್ಲಿ ಜಾಕಿ ಬಾಕ್ಸ್ ಅನ್ನುತ್ತಾರೆ. ಇವನದು ಎರಡರ ನಡುವಿನದು. ಅವರ ಪದವೇ ಸಡಿಲ ಇರುವಾಗ ನಾವೇಕೆ ಅದನ್ನು ತುಂಡು ತುಂಡಾಗಿ ಕನ್ನಡಿಸಬೇಕು? ತಂಪುಪೆಟ್ಟಿಗೆ ಅನ್ನೋ ಪದ ಬಂದು ಎಷ್ಟು ಕಾಲವಾಯ್ತು. ಯಾರ ಮನೆಯಲ್ಲಿ ಹೇಳುತ್ತಾರೆ? ನಮ್ಮತ್ತೆ ಫ್ರಿಜ್ಜಿಗೆ 'ತಂಗಳು ಪೆಟ್ಟಿಗೆ' ಅನ್ನುತ್ತಾರೆ, ಅದಾದರೂ ನಿಜ.

ಬೇರುಬಲ್ಲವ, ಶಿರಾ:
ಪೀಪಾಯಿಯನ್ನು ಬಿಡಬೇಡಿ. ಅದು ಅಚ್ಚಗನ್ನಡ. ಪೀರ್ + ಬಾಯಿ. ಪೀರ್ ಅಂದರೆ ಹೀರು. ಹೀರುವ ಬಾಯಿ ಉಳ್ಳದ್ದು ಪೀಪಾಯಿ. ಹತ್ತು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ, ಈ ಗುಂಪಿನಲ್ಲಿ ಒಬ್ಬರೂ ಉತ್ತರ ಕೊಟ್ಟಿಲ್ಲ.

ಹಳೆ ಮೇಷ್ಟ್ರು:
ಉತ್ತರ ಕೊಡದಿದ್ದದ್ದು ಮರ್ಯಾದೆಗೆ. ಪೀಪಾಯಿ ಪೋರ್ಚುಗೀಸರ 'ಪಿಪ'ದಿಂದ ಬಂದದ್ದು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ನಿಮ್ಮ ಪೀರ್ ಕೂಡ ಹೀರು ಆಯಿತು. ಪೀಪಾಯಿ ಹಳಗನ್ನಡದ್ದೇ ಆಗಿದ್ದರೆ ಇವತ್ತು ಹೀಪಾಯಿ ಅನ್ನಬೇಕಿತ್ತು. ಪಕಾರ ಹಕಾರವಾಗಿ ಮುಗಿದ ಮೇಲೆ ಹಡಗಿನಲ್ಲಿ ಬಂದಿಳಿದ ಪದ ಅದು. ಆದ್ದರಿಂದಲೇ ಪಕಾರ ಉಳಿದಿದೆ.

ಬೇರುಬಲ್ಲವ:
'ಪಡೆ' ಹಾಗೇ ಉಳಿದಿಲ್ಲವೇ?

ಹಳೆ ಮೇಷ್ಟ್ರು:
ಪಡೆಯೂ ಇದೆ, ಹಡೆಯೂ ಇದೆ. ಹೀಪಾಯಿ ಎಲ್ಲಿದೆ, ತೋರಿಸಿ.

ಕಲ್ಪತರು:
ಸಾರ್, ಇಬ್ಬರಿಗೂ ಕೈ ಮುಗಿಯುತ್ತೇನೆ. ಬ್ಯಾನರ್ ಅಂಗಡಿಯವನು ಫೋನ್ ಮಾಡಿದ್ದ. ಎರಡೇ ಪದ ಆದರೆ ಅಕ್ಷರ ದೊಡ್ಡದಾಗಿ ಬರುತ್ತದಂತೆ. 'ಬಿಯರ್ ನಲ್ಲಿ' ಅಂದರೆ ಸಾಕಾ?

ಕೋಲಾರದವಳು:
ಖಂಡಿತ ಬೇಡ. ಅಂಗಡಿಯವನು ಜಾಗ ಬಿಡದೆ ಕೂಡಿಸಿದರೆ 'ಬಿಯರ್‌ನಲ್ಲಿ' ಆಗುತ್ತದೆ, ಸಪ್ತಮಿ ವಿಭಕ್ತಿ. ಬಿಯರ್‌ನಲ್ಲಿ ಏನು ಬಿದ್ದಿದೆ ಅಂತ ಜನ ಬಗ್ಗಿ ನೋಡುತ್ತಾರೆ. ನಲ್ಲಿಯ ಬದಲು ಕೊಳಾಯಿ ಅನ್ನಿ.

ಬೇರುಬಲ್ಲವ:
ಕೊಳಾಯಿ ತಮಿಳಿನ ಕುಳಾಯ್. ಪೋರ್ಚುಗೀಸ್ ಬೇಡ ಅಂದವರಿಗೆ ತಮಿಳು ಆಗುತ್ತದೋ?

ಕೋಲಾರದವಳು:
ಪೋರ್ಚುಗೀಸ್ ಬೇಡ ಅಂತ ಯಾರು ಅಂದರು? ಪಾದ್ರಿ, ಚಾವಿ ಎಲ್ಲ ಅಲ್ಲಿಂದಲೇ ಬಂದವು. ಹೋಗಲಿ, ಇಂಗ್ಲಿಷಿನವರ ಕೆಗ್ ಅವರದೇನಾ? ಹಳೆಯ ನಾರ್ಸ್ ನುಡಿಯ 'ಕಗ್ಗಿ' ಅದು. ವೈಕಿಂಗರ ಪೀಪಾಯಿ.

ಬೇರುಬಲ್ಲವ:
ಕಗ್ಗಿ! ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡು ನೋಡಿ. ಕಗ್ಗ, ಕಗ್ಗಲಿ, ಕಗ್ಗಿ. ಈ ಬೇರನ್ನು ಹಿಡಿದು ಹೊರಟರೆ

ಹಳೆ ಮೇಷ್ಟ್ರು:
ಕಗ್ಗಲಡುವಿಗೆ ಬರುವುದು ಕೊಕ್ಕರೆಗಳು, ವೈಕಿಂಗರಲ್ಲ. ಮುಂದೆ.

ಸೋಡಾ ಅಂಗಡಿ, ಚಿಂತಾಮಣಿ:
ನಾನು ಇಲ್ಲಿ ಬರೆಯೋದು ಕಡಿಮೆ. ಆದರೆ ಇದು ನಮ್ಮ ಕಸುಬು. ಅಪ್ಪ ಸೋಡಾ ಮಾಡುತ್ತಿದ್ದರು. ಬಾಟಲಿಗಳನ್ನು ಚೌಕಟ್ಟಿನಲ್ಲಿ ಕೂರಿಸಿ, ಸಿಲಿಂಡರಿನ ಕಿವಿ ಸ್ವಲ್ಪ ಬಿಟ್ಟು, ಹಿಡಿ ಹಿಡಿದು ಗರಗರ ತಿರುಗಿಸೋದು. ಒಡೆದರೆ ಕಣ್ಣಿಗೆ ಹಾರುತ್ತೆ ಅಂತ ಮೇಲೆ ಒದ್ದೆ ಗೋಣಿಚೀಲ. ನೀರು ತಣ್ಣಗಿದ್ದಷ್ಟೂ ಗ್ಯಾಸು ಚೆನ್ನಾಗಿ ಹಿಡಿಯುತ್ತೆ. ಬೇಸಿಗೆಯಲ್ಲಿ ಅಪ್ಪ ಬೆಳಗಿನ ಜಾವವೇ ಕೆಲಸ ಮುಗಿಸುತ್ತಿದ್ದರು.

ಈ ಹುಡುಗನ ಪೆಟ್ಟಿಗೆಯಲ್ಲಿ ಇರೋದೂ ಅದೇ ಗ್ಯಾಸು. ಕೆಗ್ಗಿನ ಮೇಲಿಂದ ಗ್ಯಾಸು ಒತ್ತುತ್ತೆ. ತಳದ ತನಕ ಇಳಿದ ಕೊಳವೆಯಲ್ಲಿ ಬಿಯರು ಮೇಲಕ್ಕೆ ಬಂದು ನಲ್ಲಿಗೆ ಹೋಗುತ್ತೆ. ನೀವು 'ಸಿಲಿಂಡರ್ ಬಿಯರನ್ನು ತಂಪು ಮಾಡುತ್ತದೆ' ಅಂತ ಬರೆದಿದ್ದೀರಿ. ಅದು ಐಸಿನ ಕೆಲಸ, ತಿದ್ದಿಕೊಳ್ಳಿ. 3–4 ಡಿಗ್ರಿ ತಂಪಿನಲ್ಲಿ ಸುಮಾರು 12 ಪಿ.ಎಸ್.ಐ. ಒತ್ತಡ ಇದ್ದರೆ ಸಾಕು. ನಲ್ಲಿಗೆ ಹೋಗೋ ಪೈಪು ತೀರಾ ಗಿಡ್ಡ ಆದರೆ ಬರೀ ನೊರೆ. ಪೈಪು ಬಿಸಿಲಿಗೆ ಬಿದ್ದು ಬಿಸಿಯಾದರೂ ನೊರೆ. ನೊರೆಗೆ 'ಫೋಮು' ಅಂತ ಯಾಕೆ ಬರೆದಿರಿ ಗೊತ್ತಾಗಲಿಲ್ಲ. ಹಾಲು ಕರೆಯೋ ಊರಿನವರು ನಾವು.

ಹೆಸರಿಗೆ ಬರೋಣ. ನಾವು ಮಾರುತ್ತಿದ್ದ ಬಾಟಲಿಯನ್ನು ಕಾಡ್ ಅನ್ನೋ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಮಾಡಿಸಿದ್ದ. ಚಿಂತಾಮಣಿ ಸಂತೆಯಲ್ಲಿ ಯಾರೂ 'ಕಾಡ್ ಬಾಟಲಿ ಕೊಡಿ' ಅಂತ ಕೇಳಲಿಲ್ಲ. ಕಂಡದ್ದು ಗೋಲಿ, ಗೋಲಿ ಸೋಡಾ ಅಂದರು. ಅದನ್ನು ತಳ್ಳಿಕೊಂಡು ಹೋದರೆ ಸೋಡಾ ಗಾಡಿ. ಇದಕ್ಕೂ ಚಕ್ರ ಇದೆ, ಎಳೆದುಕೊಂಡು ಹೋಗುತ್ತಾನೆ ಅಂತೀರಿ. ಬಿಯರ್ ಗಾಡಿ ಅನ್ನಿ, ಮುಗೀತು.

ಕೋಲಾರದವಳು:
ಇದು ಪದ! ಇಡ್ಲಿ ಗಾಡಿ, ಪಾನಿಪುರಿ ಗಾಡಿ, ಬಿಯರ್ ಗಾಡಿ. ಯಾರಿಗೂ ವಿವರಿಸಬೇಕಿಲ್ಲ.

ಹಳೆ ಮೇಷ್ಟ್ರು:
ಗಾಡಿ ಆದರೆ ಅದರಲ್ಲಿರುವ ಯಂತ್ರಕ್ಕೆ ಏನು ಹೇಳುತ್ತೀರಿ? ಪದ ಜಾರಿಕೊಂಡಿತು. ಅಲ್ಲದೆ ಇಂಗ್ಲಿಷು ಒಂದು, ಹಿಂದಿ ಮರಾಠಿಯಲ್ಲೂ ಓಡಾಡುವ ಗಾಡಿ ಇನ್ನೊಂದು, ಎರಡನ್ನೂ ಕಟ್ಟಿದ್ದು ಶುದ್ಧ ಅರಿಸಮಾಸ. ತಂಬೀಪಾಯಿ ಎಷ್ಟೋ ವಾಸಿ.

ಕೋಲಾರದವಳು:
ತಂಬೀಪಾಯಿಯಲ್ಲಿ ಅರ್ಧ ಪೋರ್ಚುಗೀಸ್ ಅಂತ ನೀವೇ ಹೇಳಿದಿರಿ, ಅದು ಅರಿಯಲ್ವಾ? ಮಳೆಗಾಲದಲ್ಲಿ ಕಾಲ ಸಂಸ್ಕೃತ. ನಾಳೆಯಿಂದ ಅದನ್ನೂ ಬಿಡುತ್ತೀರಾ? ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಹಿಂದಿನ ಕವಿಗಳು ಬಳಸಿದ ಅರಿಸಮಾಸಗಳನ್ನು ಒಪ್ಪಿಕೊಂಡ. ಸೋಡಾ ಗಾಡಿಯವರನ್ನು ಆ ಕವಿಗಳ ಸಾಲಿಗೆ ಸೇರಿಸಿಕೊಳ್ಳಿ.

ಹಳೆ ಮೇಷ್ಟ್ರು:
ಕೇಶಿರಾಜನನ್ನು ಬಿಯರಿಗೆ ಎಳೆಯಬೇಡಿ.

ಗುಂಪಿನ ನಿರ್ವಾಹಕ:
ಒಬ್ಬರು ಖಾಸಗಿಯಾಗಿ ಬರೆದು, ಇಂಥದ್ದನ್ನು ತುಮಕೂರಿನಲ್ಲೇ ಮಾಡಲು ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ. ಇಲ್ಲಿ ಇರುವುದು ಕರ್ನಾಟಕದ 1965ರ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಗುಂಪು ಪದಗಳಿಗೆ ಮಾತ್ರ.

ಕಲ್ಪತರು:
ಬ್ಯಾನರ್ ಆಯಿತು. ಮೇಲೆ 'ಬಿಯರ್ ಗಾಡಿ'. ಕೆಳಗೆ ಚಿಕ್ಕ ಅಕ್ಷರದಲ್ಲಿ 'ಲೋಟ ಓರೆ ಹಿಡಿಯಿರಿ, ಕೊಳಾಯಿಯ ಹಿಡಿ ಪೂರ್ತಿ ಎಳೆಯಿರಿ'. ಅರ್ಧ ಎಳೆದರೆ ನೊರೆ ಜಾಸ್ತಿ ಬರುತ್ತದಂತೆ, ಅಕ್ಕನ ಮಗ ಹೇಳಿದ. ಅರ್ಧ ಪುಟದಲ್ಲಿ ಬಟ್ಟಿ ಹೋಯಿತು, ಫೋಮು ಹೋಯಿತು. ಕೆಗ್ ಕೆಗ್ಗಾಗಿಯೇ ಇದೆ, ಮೇಷ್ಟ್ರು ಕ್ಷಮಿಸಬೇಕು. ಅಂಗಡಿಯ ಹುಡುಗ 'ಬೀಯರ್' ಅಂತ ದೀರ್ಘ ಕೊಟ್ಟಿದ್ದ, ಎದುರಿಗೇ ಕೂತು ತಿದ್ದಿಸಿದೆ. ಭಾವ ಸೀರೆಗಳ ನಡುವೆ ಸುತ್ತಿಟ್ಟುಕೊಂಡರು. ಸೋಡಾ ಅಂಗಡಿಯಣ್ಣನಿಗೆ ದೊಡ್ಡ ನಮಸ್ಕಾರ.

ಸೋಡಾ ಅಂಗಡಿ:
ನಲ್ಲಿ, ಪೈಪು ಆಗಾಗ ತೊಳೀಬೇಕು ಅಂತ ಹೇಳಿ. ಹುಳಿ ವಾಸನೆ ಹಿಡಿದರೆ ಬಿಡೋಲ್ಲ.

ಬೇರುಬಲ್ಲವ:
ಗಾಡಿ ಬಗ್ಗೆ ಯಾರೂ ಸರಿಯಾಗಿ ಯೋಚಿಸಿಲ್ಲ. ಕಾಡು, ಕಾಡಿ, ಗಾಡಿ. ಕಾಡಿನ ಮರದಿಂದ ಮಾಡಿದ್ದು.

ಗುಂಪಿನ ನಿರ್ವಾಹಕ:
ಅದಕ್ಕೆ ಬೇರೆ ಎಳೆ ತೆಗೆಯಿರಿ.