ದೊಡ್ಡಪ್ಪನವರ ವಿಡಿಯೋ ತಪಾಸಣೆಯ ಬಗ್ಗೆ

ವಿನಯ, ದೊಡ್ಡಪ್ಪನವರನ್ನು ಮತ್ತೆ ರಾತ್ರಿ ಬಸ್ಸಿನಲ್ಲಿ ಶಿರಸಿಯಿಂದ ಬೆಂಗಳೂರಿಗೆ ಕರೆತರಬೇಕೇ, ನ್ಯೂರಾಲಜಿ ಡಾಕ್ಟರು ಹೇಳಿದಂತೆ ಈ ಸಲ ವಿಡಿಯೋ ಕರೆಯಲ್ಲಿ ತೋರಿಸಿದರೆ ಸಾಕೇ ಎಂದು ನೀನು ನಿನ್ನೆ ಗ್ರೂಪಿನಲ್ಲಿ ಕೇಳಿದ್ದೆ. ಅದಕ್ಕೆ ಸುಬ್ಬಣ್ಣ ಮಾವ, ‘ಫೋನಿನಲ್ಲಿ ನಾಡಿ ಹಿಡಿಯಲು ಬರುತ್ತದೆಯೇ?’ ಎಂದಿದ್ದಾರೆ. ದೊಡ್ಡಪ್ಪನವರಂತೆ ನಮ್ಮ ಮಾವನವರಿಗೂ ಪಾರ್ಕಿನ್ಸನ್ (ಮೈ ನಡುಗಿ, ಬಿಗಿದು, ಚಲನೆ ನಿಧಾನವಾಗುವ ನರರೋಗ) ಇದ್ದುದರಿಂದ ಎರಡೂ ಬಗೆಯ ತಪಾಸಣೆಯನ್ನು ಹತ್ತಿರದಿಂದ ಕಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸುಬ್ಬಣ್ಣ ಮಾವನ ಮಾತಿನಲ್ಲಿ ಹುರುಳಿದೆ. ಕೈಯನ್ನು ಹಿಡಿದು ಮಡಚಿ ಬಿಡಿಸಿದಾಗ ಮಾತ್ರ ತಿಳಿಯುವ ಬಿಗಿತವಾಗಲಿ, ಹಿಂದೆ ನಿಂತು ಭುಜ ಎಳೆದು ನೋಡುವ ಸಮತೋಲನದ ಪರೀಕ್ಷೆಯಾಗಲಿ ಪರದೆಯ ಮೇಲೆ ಆಗುವಂಥದ್ದಲ್ಲ. ರೋಗ ಯಾವುದೆಂದು ತೀರ್ಮಾನಿಸುವ ಮೊದಲ ಭೇಟಿಯಾಗಿದ್ದರೆ ಬಸ್ಸು ಹತ್ತಿಸು ಎಂದೇ ನಾನೂ ಹೇಳುತ್ತಿದ್ದೆ. ಆದರೆ ದೊಡ್ಡಪ್ಪನವರ ರೋಗ ಗೊತ್ತಾಗಿ ವರ್ಷಗಳಾಗಿವೆ. ಈಗ ಉಳಿದಿರುವುದು ಈ ರೋಗಕ್ಕೆ ಕೊಡುವ ಲೆವೊಡೋಪಾ ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಹೊಂದಿಸುವ ಕೆಲಸ, ಅದಕ್ಕೆ ಬೇಕಾದ ಬಹುಪಾಲು ಮಾಹಿತಿ ಇರುವುದು ಮನೆಯಲ್ಲೇ. ರಾತ್ರಿಯಿಡೀ ಪ್ರಯಾಣ ಮಾಡಿ, ಮಾತ್ರೆಯ ಹೊತ್ತು ತಪ್ಪಿ, ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಸುಸ್ತಾದವರನ್ನು ನೋಡಿದ ಡಾಕ್ಟರಿಗೆ ಅವರ ನಿತ್ಯದ ಸ್ಥಿತಿ ಹೇಗೆ ತಿಳಿದೀತು?

ನಮ್ಮ ಮಾವನವರು ಹೊಸ್ತಿಲ ಬಳಿ ಬಂದೊಡನೆ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ಆಸ್ಪತ್ರೆಯ ಅಗಲವಾದ ಕಾರಿಡಾರಿನಲ್ಲಿ ಅದು ಒಮ್ಮೆಯೂ ಕಾಣಿಸಿರಲಿಲ್ಲ. ವಿಡಿಯೋದಲ್ಲಿ ಅದನ್ನು ಕಂಡ ಡಾಕ್ಟರು ಬಾಗಿಲ ಮುಂದೆ ನೆಲಕ್ಕೆ ಬಿಳಿ ಪಟ್ಟಿಗಳನ್ನು ಅಂಟಿಸಿ, ಒಂದೊಂದನ್ನೂ ದಾಟುವಂತೆ ಹೆಜ್ಜೆ ಎತ್ತಲು ಹೇಳಿದರು. ಎಲ್ಲ ದಿನವೂ ಅಲ್ಲದಿದ್ದರೂ ಅದು ಕೆಲಸ ಮಾಡಿತು.

ಆದ್ದರಿಂದ ಮಾತ್ರೆಗೆ ಮುಂಚೆ ಒಮ್ಮೆ, ಮಾತ್ರೆ ತೆಗೆದುಕೊಂಡು ಸುಮಾರು ಒಂದು ಗಂಟೆಯಾದ ಮೇಲೆ ಇನ್ನೊಮ್ಮೆ, ದೊಡ್ಡಪ್ಪನವರು ಜಗಲಿಯಲ್ಲಿ ನಡೆದು ತಿರುಗಿ ಬರುವುದನ್ನು ಪಾದ ಕಾಣುವಂತೆ ಚಿತ್ರೀಕರಿಸಿ ಮೊದಲೇ ಕಳುಹಿಸು. ಮಲಗಿದ್ದಾಗಿನ ಬಿ.ಪಿ., ಎದ್ದು ನಿಂತ ಮೂರು ನಿಮಿಷದೊಳಗಿನ ಬಿ.ಪಿ. ಎರಡನ್ನೂ ಬರೆದಿಡು. ಊಟದ ಹೊತ್ತನ್ನೂ ಬರೆ, ಏಕೆಂದರೆ ಹಾಲು, ಬೇಳೆಯಲ್ಲಿರುವ ಪ್ರೋಟೀನು ಈ ಮಾತ್ರೆ ಮೈಗೆ ಹತ್ತುವುದನ್ನು ತಡೆಯಬಹುದು.

ಮೊಬೈಲಿನಲ್ಲಿ ಬಂದ ಔಷಧಿ ಚೀಟಿಗೆ ಮೆಡಿಕಲ್ ಶಾಪಿನಲ್ಲಿ ಬೆಲೆಯಿದೆಯೇ ಎಂದು ಚಿಕ್ಕಮ್ಮ ಕೇಳಿದ್ದರು. ಇದೆ. ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಸಹಿ ಮಾಡಿದ ಚೀಟಿಯ ಫೋಟೋ ಕಳುಹಿಸಬಹುದು. ಅದರಲ್ಲಿ ಅವರ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊ. ದುಡ್ಡಿನ ಅಡಚಣೆ ಇರುವವರಿಗೆ ವಿಡಿಯೋ ಕರೆಯಲ್ಲೇ ಡಾಕ್ಟರನ್ನು ಕಾಣುವ ಸರ್ಕಾರದ ಇ-ಸಂಜೀವಿನಿ ಸೇವೆ ಉಚಿತವಾಗಿದೆ.

ಆದರೆ ದೊಡ್ಡಪ್ಪನವರು ಬಿದ್ದು ಪೆಟ್ಟಾದರೆ, ನುಂಗುವಾಗ ಉಸಿರು ಕಟ್ಟಿದರೆ ಅಥವಾ ಇದ್ದಕ್ಕಿದ್ದಂತೆ ಇಲ್ಲದ ಮನುಷ್ಯರನ್ನು ಕಂಡಂತೆ ಮಾತನಾಡತೊಡಗಿದರೆ ಕರೆಗಾಗಿ ಕಾಯದೆ ನೇರವಾಗಿ ಶಿರಸಿಯ ಆಸ್ಪತ್ರೆಗೆ ಕರೆದುಕೊಂಡು ಹೋಗು.

ಕರೆಯ ಹೊತ್ತಿಗೆ ದೊಡ್ಡಮ್ಮನನ್ನು ತಪ್ಪದೆ ಪಕ್ಕದಲ್ಲಿ ಕೂರಿಸು. ರಾತ್ರಿ ನಿದ್ರೆಯಲ್ಲಿ ಅವರು ಕೂಗುವುದು, ಕೈಕಾಲು ಬೀಸುವುದು ಅವಳಿಗೆ ಮಾತ್ರ ಗೊತ್ತು. ದೊಡ್ಡಪ್ಪನವರನ್ನು ಕೇಳಿದರೆ ನಿದ್ರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ.