ಬೋರ್ಡ್ ಬದಲಾಯಿತು, ಕೂಗು ಉಳಿಯಿತು

ಸಾಲಿನಲ್ಲಿ ನಿಂತವರು ಸಾಮಾನ್ಯವಾಗಿ ಜಗಳವಾಡುವುದು ನಡುವೆ ನುಗ್ಗಿದವನ ಮೇಲೆ. ನಾವು ನಾಲ್ವರು ಜಗಳವಾಡಿದ್ದು ತಲೆಯ ಮೇಲಿದ್ದ ಬೋರ್ಡಿನ ಬಗ್ಗೆ.

ಅಮೆರಿಕದ ವರ್ಜೀನಿಯಾದಲ್ಲಿ, ರಿಚ್ಮಂಡ್ ನಗರದಿಂದ ಉತ್ತರಕ್ಕೆ, ಡಾಸ್ವೆಲ್ ಎಂಬಲ್ಲಿ ಕಿಂಗ್ಸ್ ಡೊಮಿನಿಯನ್ ಪಾರ್ಕ್ ಇದೆ. ಅಲ್ಲಿನ ಹಳೆಯ ಮರದ ರೋಲರ್ ಕೋಸ್ಟರ್‌ನ ಕೆಳಗೆ ನಿಂತು ನಮ್ಮ ಆಡಿಟರ್ ಹೆಸರನ್ನು ಓದಿದ: ‘ರೇಸರ್ 75’. ಓದಿದವನೇ ಎರಡು ಹೆಜ್ಜೆ ಹಿಂದಕ್ಕೆ ಸರಿದ.

“ಗಂಟೆಗೆ 75 ಮೈಲಿಯೇ? ನೀವು ಹೋಗಿ ಬನ್ನಿ. ನಾನು ಚೀಲ ಕಾಯುತ್ತೇನೆ.”

“ಅದು ವೇಗವಲ್ಲವಯ್ಯ, ಹುಟ್ಟಿದ ವರ್ಷ,” ಎಂದ ಹಳಬ. ನಮ್ಮಲ್ಲಿ ವರ್ಜೀನಿಯಾಕ್ಕೆ ಎಲ್ಲರಿಗಿಂತ ಮೊದಲು ಬಂದವನು ಅವನೇ. ಆ ಹಿರಿತನವನ್ನು ಮಾತುಮಾತಿಗೂ ನೆನಪಿಸುತ್ತಾನೆ.

“ಹುಟ್ಟಿದ ವರ್ಷವನ್ನು ಹೆಸರಿನ ಬಾಲಕ್ಕೆ ಕಟ್ಟಿಕೊಂಡು ಯಾರಾದರೂ ತಿರುಗುತ್ತಾರೆಯೇ?”

“ಇದೇ ಪಾರ್ಕಿನಲ್ಲಿ 2010ರಲ್ಲಿ ‘ಇಂಟಿಮಿಡೇಟರ್ 305’ ಎಂಬುದನ್ನು ಕಟ್ಟಿದರು. ಅಲ್ಲಿ 305 ಎಂದರೆ ಎತ್ತರ, ಅಡಿಗಳಲ್ಲಿ.”

“ಒಂದರಲ್ಲಿ ಇಸವಿ, ಇನ್ನೊಂದರಲ್ಲಿ ಅಡಿ! ಇಂಥ ಲೆಕ್ಕ ನನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕದೆ ವಾಪಸ್ ಕಳಿಸುತ್ತಿದ್ದೆ.”

“ಈಗ ಆ ಹೆಸರೂ ಇಲ್ಲ ಬಿಡು. ಅದು ಕಾರ್ ರೇಸಿನ ಡೇಲ್ ಅರ್ನ್‌ಹಾರ್ಟ್‌ನ ಅಡ್ಡಹೆಸರಾಗಿತ್ತು. ತೆಗೆದು ‘ಪ್ಯಾಂಥೇರಿಯನ್’ ಎಂದಿಟ್ಟರು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇದು?” ಹಳಬ ಬಿಳಿ ಬಣ್ಣದ ತೊಲೆಯೊಂದನ್ನು ಸಾಕಿದ ದನದ ಬೆನ್ನು ತಟ್ಟುವಂತೆ ತಟ್ಟಿದ. “ಇದು ರೆಬೆಲ್ ಯೆಲ್. ಪಾರ್ಕ್ ಶುರುವಾದ 1975ರಲ್ಲೇ ಹುಟ್ಟಿದ್ದು. ಜಾನ್ ಆ್ಯಲನ್ ಎಂಬ ಮಹಾನುಭಾವನ ವಿನ್ಯಾಸ. 43 ವರ್ಷ ಆ ಹೆಸರಿನಲ್ಲಿ ಬಾಳಿದ ಜೀವಕ್ಕೆ 2018ರಲ್ಲಿ ಏಕಾಏಕಿ ಹೊಸ ನಾಮಕರಣ!”

ಇಷ್ಟು ಹೊತ್ತು ಕನ್ನಡಕ ಒರೆಸುತ್ತಿದ್ದ ಮೇಷ್ಟರು ಅದನ್ನು ಮೂಗಿಗೇರಿಸಿದರು. ಅವರು ಕನ್ನಡಕ ಏರಿಸಿದರೆ ಪಾಠ ಆರಂಭವಾಯಿತು ಎಂದೇ ಅರ್ಥ. “ರೆಬೆಲ್ ಯೆಲ್ ಎಂದರೇನು, ಹೇಳು ನೋಡೋಣ.”

“ರೋಲರ್ ಕೋಸ್ಟರ್.”

“ಅಲ್ಲ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನಿಕರು ಶತ್ರುವಿನ ಮೇಲೆ ನುಗ್ಗುವಾಗ ಹಾಕುತ್ತಿದ್ದ ಕೂಗು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ರಾಜ್ಯಗಳ ಸೈನ್ಯ ಅದು. ಅವರ ರಾಜಧಾನಿ ಯಾವುದು? ನೀನು ಮನೆ ಮಾಡಿಕೊಂಡಿರುವ ಇದೇ ರಿಚ್ಮಂಡ್.”

“ಮೇಷ್ಟರೇ, ನಾನು ಇದರಲ್ಲಿ ಐವತ್ತು ಸಲವಾದರೂ ಕುಳಿತು ಕೂಗಿದ್ದೇನೆ. ಒಂದು ಸಲವೂ ಗುಲಾಮಗಿರಿಯ ಪರವಾಗಿ ಕೂಗಿಲ್ಲ. ಕೂಗಿದ್ದೆಲ್ಲ ಪ್ರಾಣಭಯಕ್ಕೆ.”

“ಒಪ್ಪಿದೆ. ನಿನ್ನ ಹಿಂದಿನ ಸೀಟಿನಲ್ಲಿ ಕಪ್ಪು ಹುಡುಗನೊಬ್ಬ ಕುಳಿತಿರುತ್ತಾನೆ. ಅವನ ಮುತ್ತಜ್ಜನ ಅಪ್ಪ ಅದೇ ಕೂಗನ್ನು ಹೊಲದ ಅಂಚಿನಲ್ಲಿ ನಿಂತು ಕೇಳಿದ್ದಿರಬಹುದು. ಅವನದೂ ಪ್ರಾಣಭಯವೇ. ಅದಕ್ಕೆ ಟಿಕೆಟ್ ಇರಲಿಲ್ಲ, ಅಷ್ಟೇ.”

ಹಳಬ ತೊಲೆಯ ಮೇಲಿನ ಕೈ ತೆಗೆದ. ಮೇಲೆ ಬಂಡಿಯೊಂದು ಏರುತ್ತಿತ್ತು. ಕಟ, ಕಟ, ಕಟ ಎಂಬ ಸದ್ದು. ಸರಪಳಿ ಕಡಿದುಹೋದರೂ ಬಂಡಿ ಹಿಂದಕ್ಕೆ ಜಾರದಂತೆ ತಡೆಯುವ ಉಕ್ಕಿನ ನಾಲಿಗೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು ಅದು. ಎದೆ ನಡುಗಿಸುವ ಆ ಸದ್ದೇ ಇಡೀ ಯಂತ್ರದಲ್ಲಿ ನಮ್ಮನ್ನು ಕಾಯುವ ಭಾಗ ಎಂದು ಆಡಿಟರ್‌ಗೆ ವಿವರಿಸಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ನನ್ನನ್ನು ಕೇಳಿದರೆ ಹಳೆಯ ಹೆಸರು ಹೋಗಬೇಕಿತ್ತು, ಹೋಯಿತು. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬಂದ ಹೆಸರಿನ ಬಗ್ಗೆ. ರೇಸರ್ 75 ಎಂದರೆ ಪ್ರಿಂಟರಿನ ಶಾಯಿ ಡಬ್ಬಿಯ ಹೆಸರಿದ್ದಂತಿದೆ. ಇಬ್ಬರು ಜಗಳವಾಡಲಿಕ್ಕೂ ಅದರಲ್ಲಿ ಏನೂ ಇಲ್ಲ. ಬಹುಶಃ ಅದಕ್ಕೇ ಆರಿಸಿದರೋ ಏನೋ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು, ಮೂವರೂ ನನ್ನ ಮೇಲೆ ಬಿದ್ದರು.

“ನೀನೇ ಒಂದು ಒಳ್ಳೆಯ ಹೆಸರು ಹೇಳು,” ಎಂದರು ಮೇಷ್ಟರು.

ನಾನು ‘ಜೋಡಿ ಮಿಂಚು’ ಎಂದೆ. ಪಕ್ಕಪಕ್ಕದ ಎರಡು ಹಳಿಗಳಲ್ಲಿ ಎರಡು ಬಂಡಿಗಳು ಪೈಪೋಟಿಗೆ ಬಿದ್ದು ಓಡುವ ಆಟವಲ್ಲವೇ ಎಂದು ಸಮರ್ಥನೆಯನ್ನೂ ಕೊಟ್ಟೆ. ಕುದುರೆ ಜೂಜಿನ ಪಟ್ಟಿಯಂತಿದೆ ಎಂದು ಆಡಿಟರ್ ತಳ್ಳಿಹಾಕಿದ.

“ಅದಿರಲಿ, ಒಹಾಯೊದ ಕಿಂಗ್ಸ್ ಐಲ್ಯಾಂಡ್ ಪಾರ್ಕಿನ ಕಥೆ ಗೊತ್ತೇ?” ಎಂದ ಹಳಬ, ಸೋತ ವಾದವನ್ನು ಬಿಟ್ಟು ಬೇರೆ ದಾರಿಯಿಂದ ಬರುತ್ತಾ. “ಅಲ್ಲಿ 1981ರಲ್ಲಿ ‘ದಿ ಬ್ಯಾಟ್’ ಎಂಬುದನ್ನು ಕಟ್ಟಿದರು, ಬಾವಲಿಯಂತೆ ಹಳಿಯ ಕೆಳಗೆ ನೇತಾಡುವ ಬಂಡಿ. ಓಡಿದ್ದಕ್ಕಿಂತ ಕೆಟ್ಟು ನಿಂತದ್ದೇ ಹೆಚ್ಚು. ಕೆಲವೇ ವರ್ಷಗಳಲ್ಲಿ ಕಿತ್ತುಹಾಕಿದರು. 1993ರಲ್ಲಿ ಅದೇ ಜಾತಿಯ ಇನ್ನೊಂದು ಬಂತು. ಪಾರ್ಕ್ ಆಗ ಸಿನಿಮಾ ಕಂಪನಿಯ ಕೈಯಲ್ಲಿತ್ತು, ಹಾಗಾಗಿ ‘ಟಾಪ್ ಗನ್’ ಎಂದರು. ಕಂಪನಿ ಪಾರ್ಕನ್ನು ಮಾರಿದ ಮೇಲೆ ಸಿನಿಮಾದ ಹೆಸರು ಬಳಸುವಂತಿಲ್ಲ. 2008ರಲ್ಲಿ ‘ಫ್ಲೈಟ್ ಡೆಕ್’ ಎಂದರು. 2014ರಲ್ಲಿ ಮತ್ತೆ ‘ದಿ ಬ್ಯಾಟ್’.”

“ಹೋದ ಅಣ್ಣನ ಹೆಸರನ್ನೇ ತಮ್ಮನಿಗಿಟ್ಟ ಹಾಗೆ,” ಎಂದೆ.

“ಅದೂ ಇಪ್ಪತ್ತೊಂದನೆಯ ವಯಸ್ಸಿನಲ್ಲಿ,” ಎಂದ ಆಡಿಟರ್, ಬೆರಳು ಮಡಿಚಿ ಎಣಿಸಿ. “ಶಾಲೆಯ ದಾಖಲೆ ತಿದ್ದಿಸುವುದಕ್ಕೇ ಎಷ್ಟು ಅಲೆಯಬೇಕು!”

ಮೇಷ್ಟರಿಗೆ ಇಂಥ ಕಥೆಗಳೆಂದರೆ ಹುರುಪು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ 1933ರಲ್ಲಿ ಕಟ್ಟಿದ ಒಂದು ರೋಲರ್ ಕೋಸ್ಟರ್‌ನ ಹೆಸರೇ ‘ರೋಲರ್ ಕೋಸ್ಟರ್’ ಎಂದಿತ್ತಂತೆ. ಹಸುವಿಗೆ ‘ಹಸು’ ಎಂದೇ ಹೆಸರಿಟ್ಟು ಕರೆದ ಹಾಗೆ. 2011ರಲ್ಲಿ ಅದಕ್ಕೂ ಮಕ್ಕಳ ಟಿವಿ ವಾಹಿನಿಯ ಹೆಸರು ಅಂಟಿಸಿ ‘ನಿಕಲೋಡಿಯನ್ ಸ್ಟ್ರೀಕ್’ ಮಾಡಿದರು. “ಇನ್ನೂ ತಮಾಷೆ ಕೇಳಿ. ಫ್ರೆಂಚರು ರೋಲರ್ ಕೋಸ್ಟರ್‌ಗೆ ‘ರಷ್ಯಾದ ಬೆಟ್ಟ’ ಎನ್ನುತ್ತಾರೆ. ಸ್ಪ್ಯಾನಿಷರೂ ಹಾಗೆಯೇ. ರಷ್ಯದವರು ಏನೆನ್ನುತ್ತಾರೆ ಗೊತ್ತೇ? ‘ಅಮೆರಿಕದ ಬೆಟ್ಟ’!”

“ಯಾರಿಗೂ ಸ್ವಂತದ್ದೆಂದು ಒಪ್ಪಿಕೊಳ್ಳುವ ಧೈರ್ಯವಿಲ್ಲ,” ಎಂದ ಆಡಿಟರ್. ಅವನು ಧೈರ್ಯದ ಮಾತೆತ್ತಿದ್ದನ್ನು ನಾವು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆವು.

ಸಾಲು ಮುಂದೆ ಸರಿಯಿತು. ಸೋತವನ ಸಿಟ್ಟು ಹಳಬನಲ್ಲಿ ಇನ್ನೂ ಆರಿರಲಿಲ್ಲ. ಜೇಬಿನಿಂದ ಕಡೆಯ ಬಾಣ ತೆಗೆದ.

“ಸರಿ, ಇಲ್ಲಿ ಬಂಡಾಯದ ಕೂಗನ್ನು ಅಳಿಸಿದರು. 2024ರಲ್ಲಿ ಈ ಪಾರ್ಕಿನ ಒಡೆಯರಾದ ಸೀಡರ್ ಫೇರ್ ಕಂಪನಿ ಸಿಕ್ಸ್ ಫ್ಲ್ಯಾಗ್ಸ್ ಎಂಬ ಇನ್ನೊಂದು ಪಾರ್ಕ್ ಕಂಪನಿಯ ಜೊತೆ ವಿಲೀನವಾಯಿತು. ಈಗ ಎರಡಕ್ಕೂ ಸೇರಿ ಇರುವ ಹೆಸರು ಸಿಕ್ಸ್ ಫ್ಲ್ಯಾಗ್ಸ್. ಯಾವ ಆರು ಧ್ವಜಗಳು ಮೇಷ್ಟರೇ?”

ಮೇಷ್ಟರ ಮುಖ ನೋಡಬೇಕಿತ್ತು. ಗೊತ್ತಿರುವ ಉತ್ತರವನ್ನು ಹೇಳಲೇಬೇಕಾದ ಅಧ್ಯಾಪಕನ ಸಂಕಟ. “ಟೆಕ್ಸಾಸನ್ನು ಆಳಿದವರ ಧ್ವಜಗಳು. ಸ್ಪೇನ್, ಫ್ರಾನ್ಸ್, ಮೆಕ್ಸಿಕೊ, ಟೆಕ್ಸಾಸ್ ಗಣರಾಜ್ಯ, ಅಮೆರಿಕ...”

“ಐದಾಯಿತು,” ಎಂದ ಆಡಿಟರ್.

“...ಮತ್ತು ದಕ್ಷಿಣದ ಒಕ್ಕೂಟ,” ಎಂದರು ಮೇಷ್ಟರು, ಬಹಳ ಮೆಲ್ಲಗೆ. ಕೂಡಲೇ ದನಿ ಏರಿಸಿದರು. “ಆದರೆ 2017ರ ಆಗಸ್ಟ್‌ನಲ್ಲಿ, ಇದೇ ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳು ಎಬ್ಬಿಸಿದ ಗಲಭೆಯ ನಂತರ, ಟೆಕ್ಸಾಸಿನಲ್ಲಿರುವ ಆ ಕಂಪನಿಯ ಮೂಲ ಪಾರ್ಕಿನಲ್ಲಿ ಬೇರೆಲ್ಲ ಧ್ವಜಗಳನ್ನು ಇಳಿಸಿ ಆರು ಕಂಬಗಳಲ್ಲೂ ಅಮೆರಿಕದ ಧ್ವಜವನ್ನೇ ಹಾರಿಸಿದರು!”

“ಹಾಗಾದರೆ ಈಗ ಅದು ಒಂದೇ ಧ್ವಜದ ಆರು ಪ್ರತಿ,” ಎಂದ ಆಡಿಟರ್. “ಹೆಸರಿಗೂ ಸರಕಿಗೂ ತಾಳೆಯಿಲ್ಲ. ಇದನ್ನೂ ವಾಪಸ್ ಕಳಿಸುತ್ತೇನೆ.”

ಅಷ್ಟರಲ್ಲಿ ನಮ್ಮ ಸರದಿ. ಹಳಬ, ಮೇಷ್ಟರು ಒಂದು ಬಂಡಿಯಲ್ಲಿ. ನಾನು, ಆಡಿಟರ್ ಪಕ್ಕದ ಹಳಿಯ ಬಂಡಿಯಲ್ಲಿ. ತೊಡೆಯ ಮೇಲೆ ಸರಳು ಬಂದು ಕೂತಿತು. ಆಡಿಟರ್ ಅದನ್ನು ಮೂರು ಸಲ ಎಳೆದು ನೋಡಿದ, ಆಮೇಲೆ ನನ್ನ ಸರಳನ್ನೂ ಎಳೆದು ನೋಡಿದ. ಎರಡು ಬಂಡಿಗಳೂ ಒಟ್ಟಿಗೆ ಏರತೊಡಗಿದವು. ಕಟ, ಕಟ, ಕಟ.

“ಆ ಕೂಗು ಹೇಗಿತ್ತು ಮೇಷ್ಟರೇ?” ಎಂದು ಆ ಕಡೆಯಿಂದ ಹಳಬ ಕೇಳಿದ್ದು ನಮಗೂ ಕೇಳಿಸಿತು.

“1930ರ ದಶಕದಲ್ಲಿ, ಬದುಕಿ ಉಳಿದಿದ್ದ ಮುದಿ ಸೈನಿಕರಿಂದ ಕೂಗಿಸಿ ಧ್ವನಿಮುದ್ರಣ ಮಾಡಿಕೊಂಡಿದ್ದಾರೆ. ನಾನು ಕೇಳಿದ್ದೇನೆ. ಗರ್ಜನೆ ಏನಲ್ಲ. ನರಿ ಊಳಿಟ್ಟ ಹಾಗೆ, ಕೀರಲು ದನಿಯಲ್ಲಿ, ತುಂಡುತುಂಡಾಗಿ. ಅಂಥದ್ದನ್ನು ಯಾವ ಸಭ್ಯ ಮನುಷ್ಯನೂ...”

ಬಂಡಿ ನೆತ್ತಿ ದಾಟಿತು.

ನಾನೂ ಆಡಿಟರ್ರೂ ‘ಅಮ್ಮಾ’ ಎಂದೆವು, ಅದರಲ್ಲಿ ವಿಶೇಷವಿಲ್ಲ. ಪಕ್ಕದ ಹಳಿಯಲ್ಲಿ ಹಳಬ ಕಣ್ಣು ಮುಚ್ಚಿ ತುಟಿ ಬಿಗಿದು ಸದ್ದಿಲ್ಲದೆ ಕುಳಿತಿದ್ದ. ಐವತ್ತು ಸಲ ಕೂಗಿದವನು! ಅವನ ಪಕ್ಕದಿಂದಲೇ, ಕನ್ನಡಕವನ್ನು ಎರಡೂ ಕೈಗಳಲ್ಲಿ ಅವುಚಿ ಹಿಡಿದ ಮೇಷ್ಟರ ಬಾಯಿಂದ, ಕೀರಲಾದ, ತುಂಡುತುಂಡಾದ ಒಂದು ಊಳು ಹೊರಟು ಮೂರು ಇಳಿಜಾರುಗಳವರೆಗೂ ನಿಲ್ಲಲಿಲ್ಲ.

ಕೆಳಗಿಳಿದ ಮೇಲೆ ಹಳಬ ಒಂದು ಮಾತೂ ಆಡಲಿಲ್ಲ. ಬೋರ್ಡನ್ನೊಮ್ಮೆ ನೋಡಿದ, ಮೇಷ್ಟರನ್ನೊಮ್ಮೆ ನೋಡಿದ.

“ಕೆಮ್ಮು,” ಎಂದರು ಮೇಷ್ಟರು.